ಒಂದು ನಲವತ್ತರ ಟೀ

ಅತ್ತೆಯ ರಕ್ತದಲ್ಲಿ ಕಬ್ಬಿಣಾಂಶ ಸಾಲದು ಎಂದು ಡಾಕ್ಟರು ಹೇಳಿದಾಗ ದೊಡ್ಡ ಸೊಸೆಗೆ ಒಳಗೊಳಗೇ ಖುಷಿಯಾಯಿತು. ಹೀಗೆಂದ ಕೂಡಲೇ ಇವಳೆಂಥ ಹೆಂಗಸಪ್ಪಾ ಎಂದು ನೀವು ಮೂಗು ಮುರಿಯುವುದು ಬೇಡ. ಅತ್ತೆಗೆ ಕೇಡಾಗಲಿ ಎಂದು ಬಯಸಿದವಳಲ್ಲ ಅವಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಆ ಮನೆಗೆ ಅವಳೊಬ್ಬಳಿಗೇ ಗೊತ್ತಿರುವ ವಿದ್ಯೆಯೊಂದು ಬೇಕಾಗಿತ್ತು, ಅಷ್ಟೆ.

ಅದು ಕಾಳಿನ ವಿದ್ಯೆ. ಮನೆಯಿಂದ ಮೂರು ಬೀದಿ ಆಚೆ ಇದ್ದ ಬೀಜ ಸಂಶೋಧನೆಯ ಲ್ಯಾಬಿನಲ್ಲಿ ಅವಳು ಟೆಕ್ನಿಶಿಯನ್. ಕಡಲೆ, ಅಲಸಂದೆ, ಬಟಾಣಿ, ಸೋಯಾ ಎಂದು ಲಕೋಟೆಗಳಲ್ಲಿ ಬಂದದ್ದನ್ನು ಹಿಟ್ಟು ಮಾಡಿ, ತೂಗಿ, ಆಮ್ಲದಲ್ಲಿ ಕಲಕಿ, ಬಣ್ಣ ಬರಿಸಿ, ಆ ಬಣ್ಣ ಎಷ್ಟು ಗಾಢ ಎಂದು ಯಂತ್ರದಲ್ಲಿ ಓದಿ ಬರೆಯುವುದು ಅವಳ ಕೆಲಸ. ಹೊರಗಿನವರು ಕಾಳೆಂದರೆ ಪ್ರೋಟೀನು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಕಾಳು ಅಷ್ಟೊಂದು ಧಾರಾಳಿಯಲ್ಲ ಎಂಬುದು ಅವಳಿಗೆ ಗೊತ್ತು. ಅದರೊಳಗೆ ಕಬ್ಬಿಣವೇನೋ ಇರುತ್ತದೆ, ಆದರೆ ಫೈಟಿಕ್ ಆಮ್ಲ ಅದನ್ನು ಬಿಗಿಯಾಗಿ ಹಿಡಿದು ಕೂತಿರುತ್ತದೆ. ತಿಂದವರ ಹೊಟ್ಟೆಯಲ್ಲೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಪ್ರೋಟೀನು ಇರುತ್ತದೆ, ಅದನ್ನು ಜೀರ್ಣವಾಗಲು ಬಿಡದ ಪದಾರ್ಥವೂ ಜೊತೆಗೇ ಇರುತ್ತದೆ. ಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಒಗರು, ಅದೂ ಕಬ್ಬಿಣವನ್ನು ಹಿಡಿದಿಡುವುದೇ. ಇದೆಲ್ಲ ಬೀಜ ತನಗೆಂದು, ತನ್ನ ಮೊಳಕೆಗೆಂದು ಮಾಡಿಟ್ಟುಕೊಂಡ ಏರ್ಪಾಡು, ನಮಗೆಂದಲ್ಲ. ನೆನೆಸಿ, ನೀರು ಚೆಲ್ಲಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿ ಉಪಾಯವಾಗಿ ಬಿಡಿಸಿಕೊಳ್ಳಬೇಕು. ಅದರಲ್ಲಿ ದೊಡ್ಡ ಸೊಸೆಯನ್ನು ಮೀರಿಸುವವರು ಆ ಲ್ಯಾಬಿನಲ್ಲಿ ಯಾರೂ ಇರಲಿಲ್ಲ.

ಅತ್ತೆಯ ಮಂಡಿಗಳು ಎರಡೂ ಸವೆದು ಹೋಗಿದ್ದವು. ಮನೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಮೂವತ್ತೆಂಟು ಮೆಟ್ಟಿಲು. ಆಸ್ಪತ್ರೆಗೆಂದು ಮಕ್ಕಳಿಬ್ಬರೂ ಕುರ್ಚಿಯಲ್ಲಿ ಹೊತ್ತು ಇಳಿಸಿದ್ದು ಬಿಟ್ಟರೆ ಏಳು ತಿಂಗಳಿಂದ ಅವರು ಕೆಳಗೆ ಕಾಲಿಟ್ಟಿರಲಿಲ್ಲ. ಆಪರೇಷನ್ನಿಗೆ ಎರಡು ತಿಂಗಳ ಆಚೆಯ ದಿನವೊಂದು ಗೊತ್ತಾಗಿತ್ತು. ಆದರೆ ಡಾಕ್ಟರು ರಕ್ತದ ರಿಪೋರ್ಟು ನೋಡಿ ತಲೆಯಾಡಿಸಿದರು.

“ಹಿಮೋಗ್ಲೋಬಿನ್ ಹತ್ತು ಪಾಯಿಂಟ್ ಒಂದಿದೆ. ಹನ್ನೊಂದಾದರೂ ಆಗ್ಬೇಕು. ಇಲ್ಲಾಂದ್ರೆ ಆ ದಿನ ಬೇರೆಯವರಿಗೆ ಹೋಗತ್ತೆ.”

ಕಬ್ಬಿಣದ ಮಾತ್ರೆ ನುಂಗಿದರೆ ಅತ್ತೆ ದಿನವಿಡೀ ವಾಂತಿ ಮಾಡುತ್ತಿದ್ದರು. ಸೂಜಿಯೆಂದರೆ ಮುಖ ತಿರುಗಿಸುತ್ತಿದ್ದರು. ಆಗಲೇ ದೊಡ್ಡ ಸೊಸೆ ಕುರ್ಚಿಯಿಂದ ಸ್ವಲ್ಪ ಮುಂದೆ ಜರುಗಿ, “ಎಂಟು ವಾರ ಊಟದಲ್ಲೇ ನೋಡೋಣ ಡಾಕ್ಟ್ರೇ. ಕಾಳಿನ ಜವಾಬ್ದಾರಿ ನಂದು” ಎಂದಳು. ಊಟದಿಂದ ಅಷ್ಟು ಏರುವುದು ಕಷ್ಟ, ಆದರೆ ಆಗಬಾರದು ಎಂದೇನಿಲ್ಲ ಎಂದರು ಡಾಕ್ಟರು. ಅತ್ತೆ ಅವಳನ್ನು ಹೊಸದಾಗಿ ನೋಡುವಂತೆ ನೋಡಿದರು. ಆ ನೋಟದ ಖುಷಿಯಲ್ಲಿ ಮನೆಗೆ ಬಂದು ಮೆಟ್ಟಿಲು ಹತ್ತಿದ್ದೇ ಅವಳಿಗೆ ಗೊತ್ತಾಗಲಿಲ್ಲ.

ಮನೆಯ ಬಾಗಿಲು ತೆಗೆದವಳು ಚಿಕ್ಕ ಸೊಸೆ.

ಇವಳ ವಿಷಯ ಹೇಳದೆ ಕತೆ ಮುಂದೆ ಹೋಗುವುದಿಲ್ಲ. ಮೈದುನನ ಹೆಂಡತಿ, ಬಂದು ನಾಲ್ಕು ವರ್ಷ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಯವರ ಬಟ್ಟೆ ಅಳತೆಗೆ ತರುವ ಟೈಲರ್. ಓದು ಅಷ್ಟಕ್ಕಷ್ಟೆ, ಮಾತು ಮಾತ್ರ ಬೇಕಾದಷ್ಟು. ಬಂದ ಎರಡನೇ ದಿನವೇ ಅತ್ತೆಯನ್ನು “ಅಮ್ಮಾ” ಎಂದು ಕರೆದಳು. ಹತ್ತು ವರ್ಷ “ಅತ್ತೆ” ಎಂದೇ ಮರ್ಯಾದೆಯಿಂದ ಕರೆದುಕೊಂಡು ಬಂದ ದೊಡ್ಡವಳಿಗೆ ಅದು ಕೆನ್ನೆಗೆ ಹೊಡೆದಂತಾಯಿತು. ಅತ್ತೆ ಅವಳನ್ನು “ಪುಟ್ಟೀ” ಎನ್ನತೊಡಗಿದರು. ದೊಡ್ಡವಳನ್ನು ಕರೆಯುವುದು ಇವತ್ತಿಗೂ “ನೋಡಮ್ಮಾ” ಎಂದು. ನೋಡಮ್ಮಾ, ಗ್ಯಾಸ್ ಆರಿಸಿದ್ದೀಯಾ? ನೋಡಮ್ಮಾ, ಬಾಗಿಲು ಹಾಕಿದ್ದೀಯಾ? ಚಿಕ್ಕವಳು ಒಂದು ದಿನ ಅತ್ತೆಯ ನೈಟಿಗೆ ಕನ್ನಡಕ ಇಟ್ಟುಕೊಳ್ಳಲು ಜೇಬೊಂದನ್ನು ಹೊಲಿದುಕೊಟ್ಟಳು. ಅಂಗೈಯಗಲದ ಬಟ್ಟೆ, ಐದು ನಿಮಿಷದ ಕೆಲಸ. ಅದನ್ನು ಅತ್ತೆ ಮನೆಗೆ ಬಂದವರಿಗೆಲ್ಲ ಕೈ ಹಾಕಿ ತೋರಿಸಿದ್ದೇ ತೋರಿಸಿದ್ದು. ಅದೇ ಅತ್ತೆಗೆ ಹದಿನಾಲ್ಕು ವರ್ಷ ಹೊತ್ತು ಹೊತ್ತಿಗೆ ಬೇಯಿಸಿ ಹಾಕಿದ್ದನ್ನು ಯಾರಿಗೆ ತೋರಿಸಲಾಗುತ್ತದೆ? ತಿಂದದ್ದು ತೋರಿಸಲು ಉಳಿಯುವುದಿಲ್ಲವಲ್ಲ.

ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ. ದೊಡ್ಡವಳಿಗೂ ಅದು ಗೊತ್ತಿತ್ತು. ಗೊತ್ತಿದ್ದರೆ ಆರುತ್ತದೆ ಎಂದು ಯಾರು ಹೇಳಿದರು?

ಮರುದಿನದಿಂದ ಕಾಳಿನ ಕೆಲಸ ಶುರುವಾಯಿತು. ಲ್ಯಾಬಿನಲ್ಲಿ ತಾನೇ ಪರೀಕ್ಷಿಸಿದ ಅಲಸಂದೆಯಲ್ಲಿ ಹೆಚ್ಚು ಕಬ್ಬಿಣವಿದ್ದ ತಳಿಯನ್ನು ಕೇಳಿ ತಂದಳು. ಹನ್ನೆರಡು ಗಂಟೆ ನೆನೆಸಿದಳು, ನಡುವೆ ಎರಡು ಸಲ ನೀರು ಬದಲಿಸಿದಳು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳಕೆ ಬರಿಸಿದಳು. ಒಂದು ಹಿಡಿ ಲ್ಯಾಬಿಗೆ ಒಯ್ದು ಫೈಟಿಕ್ ಆಮ್ಲ ಎಷ್ಟು ಇಳಿದಿದೆ ಎಂದು ನೋಡಿದಳು. ಹೆಚ್ಚುಕಡಿಮೆ ಅರ್ಧ ಇಳಿದಿತ್ತು. ಆ ಅಂಕಿಯನ್ನು ನೋಡಿ ಒಬ್ಬಳೇ ನಕ್ಕಳು. ಮಧ್ಯಾಹ್ನ ಬಿಡುವಿನಲ್ಲಿ ಮನೆಗೆ ಓಡಿಬಂದು, ಬೇಯಿಸಿಟ್ಟ ಕಾಳನ್ನು ಬಿಸಿ ಮಾಡಿ, ಕಬ್ಬಿಣ ಮೈಗೆ ಹತ್ತಲಿ ಎಂದು ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ ತಾನೇ ಕೈಯಾರೆ ಬಡಿಸಿದಳು.

ಅತ್ತೆ ಒಂದೊಂದೇ ಕಾಳನ್ನು ಲೆಕ್ಕ ಹಾಕುವವರ ಹಾಗೆ ತಿಂದರು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಹೇಳಲಿಲ್ಲ. ತಟ್ಟೆ ಖಾಲಿಯಾಗುವುದಕ್ಕೂ ಚಿಕ್ಕವಳು ಮುಂದಿನ ಕೋಣೆಯಿಂದ ಎದ್ದು ಬರುವುದಕ್ಕೂ ಸರಿಹೋಯಿತು. ಕೈಯಲ್ಲಿ ಲೋಟ. ಕುದಿಸಿ ಕುದಿಸಿ ಕಪ್ಪಗಾದ, ಹಾಲು ಹಾಕದ ಕಡಕ್ ಟೀ.

“ಬಾಯಿ ಹುಳಿ ಹುಳಿ ಆಗಿರತ್ತೆ ಅಲ್ವಾ ಅಮ್ಮಾ? ತಗೊಳ್ಳಿ.”

ಅತ್ತೆ ಒಂದು ಗುಟುಕು ಹೀರಿ ಕಣ್ಣು ಮುಚ್ಚಿದರು. “ಆಹಾ! ಈಗ ಜೀವ ಬಂತು ನೋಡು. ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ ಪುಟ್ಟೀ.”

ದೊಡ್ಡವಳ ಬಾಯಿ ತುದಿಗೆ ಮಾತು ಬಂದಿತ್ತು. ಟೀಯಲ್ಲಿರುವುದೂ ಟ್ಯಾನಿನ್ನಿನ ಜಾತಿಯದೇ, ಊಟದ ಬೆನ್ನಿಗೇ ಕುಡಿದರೆ ಕಾಳಿನ ಕಬ್ಬಿಣದ ದೊಡ್ಡ ಪಾಲನ್ನು ಅದು ಹಿಡಿದು ಹೊರಗೆ ಸಾಗಿಸುತ್ತದೆ, ಒಂದೂವರೆ ಗಂಟೆ ಬಿಟ್ಟು ಕುಡಿದರೆ ಸಾಕು. ಒಂದು ಸಾಲಿನ ಮಾತು. “ಆಹಾ” ಕೇಳಿದ ಮೇಲೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಮೂರು ದಿನ ಒದ್ದಾಡಿ ಮಾಡಿದ ಕಾಳಿಗೆ ಇಲ್ಲದ “ಆಹಾ” ಮೂರು ನಿಮಿಷದ ಬಿಸಿನೀರಿಗೆ! ಕೊಡಲಿ, ಚೆನ್ನಾಗಿ ಕೊಡಲಿ ಎಂದುಕೊಂಡಳು. ಎಂಟು ವಾರ ಕಳೆದು ರಕ್ತ ಏರದಿದ್ದಾಗ, ಯಾರ ಲೋಟ ಏನು ಮಾಡಿತು ಎಂದು ಎಲ್ಲರ ಮುಂದೆ ಹೇಳಿದರಾಯಿತು. ಆಗ ಗೊತ್ತಾಗುತ್ತದೆ ಪುಟ್ಟಿ ಯಾರು, ನೋಡಮ್ಮ ಯಾರು ಎಂದು.

ಲ್ಯಾಬಿಗೆ ಮರಳಿ ಒಂದು ಹೊಸ ನೋಟ್‌ಬುಕ್ ತೆಗೆದಳು. ಕಣ್ಣಿಗೆ ಬಿದ್ದದ್ದನ್ನೆಲ್ಲ ತಾರೀಕು, ಗಂಟೆ ಹಾಕಿ ಬರೆಯಬೇಕು, ನೆನಪಿನಲ್ಲಿಟ್ಟುಕೊಂಡು ಆಮೇಲೆ ಬರೆಯುತ್ತೇನೆ ಎನ್ನಬಾರದು ಎಂಬುದು ಅಲ್ಲಿ ಮೊದಲ ದಿನವೇ ತಲೆಗೆ ತುಂಬುವ ಪಾಠ. ಅದರಂತೆ ಬರೆದಳು: ಅಲಸಂದೆ ಎಂಬತ್ತು ಗ್ರಾಂ, ನೆನೆದದ್ದು ಹನ್ನೆರಡು ಗಂಟೆ, ಮೊಳಕೆ ಎರಡು ದಿನ, ನಿಂಬೆ ಅರ್ಧ. ಊಟ ಮುಗಿದದ್ದು ಒಂದು ಮೂವತ್ತೆಂಟು. ಟೀ ಒಂದು ಲೋಟ, ಒಂದು ನಲವತ್ತು. ಕೊನೆಯಲ್ಲಿ ಷರಾ ಎಂದು ಬರೆದು ಮುಂದೆ ಸೇರಿಸಿದಳು: ಹೀಗಾದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ.

ಎರಡನೇ ವಾರ ಲೋಟದ ತಳದಲ್ಲಿ ಉಳಿದ ಟೀಯನ್ನು ಸಣ್ಣ ಸೀಸೆಯಲ್ಲಿ ತುಂಬಿಕೊಂಡು ಲ್ಯಾಬಿಗೆ ಹೋದಳು. ಕಬ್ಬಿಣದ ದ್ರಾವಣ ಎರಡು ಹನಿ ಬಿಟ್ಟಳು. ನೋಡನೋಡುತ್ತಿದ್ದಂತೆ ಟೀ ಶಾಯಿಯಂತೆ ಕಪ್ಪಾಯಿತು. ಹಿಂದೆ ಬಂದು ನಿಂತಿದ್ದ ಲ್ಯಾಬಿನ ಮುಖ್ಯಸ್ಥರು ಇಣುಕಿ ನೋಡಿ ನಕ್ಕರು.

“ಯಾರ ಮನೆ ಟೀ ಇದು? ಕಬ್ಬಿಣಕ್ಕೆ ಬಲೆ ಬೀಸಿದ ಹಾಗಿದೆಯಲ್ಲ!”

“ನಮ್ಮನೇದೇ ಸರ್. ನಮ್ಮತ್ತೆ ಕುಡೀತಾರೆ.”

“ಆಪರೇಷನ್ ಅಂದಿದ್ರಲ್ಲ, ಅವರೇನಾ? ಊಟ ಆಗಿ ಒಂದೂವರೆ ಗಂಟೆ ಬಿಟ್ಟು ಕುಡೀಲಿಕ್ಕೆ ಹೇಳಿ. ಅಷ್ಟು ಮಾಡಿದ್ರೆ ಸಾಕು.”

“ಹೇಳ್ತೀನಿ ಸರ್.”

ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು. ಮನೆಯಲ್ಲಿ ಮಾತ್ರ ಹೇಳಲಿಲ್ಲ.

ದಿನ ಕಳೆದಂತೆ ಅದೊಂದು ಚಟವಾಯಿತು. ಭಾನುವಾರವೂ ಬಿಡದೆ ಅಡುಗೆಮನೆಯ ಗಡಿಯಾರದ ಕಡೆ ನೋಡುವಳು, ಚಿಕ್ಕವಳ ಮೆಷಿನ್ ನಿಂತ ಸದ್ದಿಗೆ ಕಿವಿ ಕೊಡುವಳು. ಒಂದು ದಿನ ಚಿಕ್ಕವಳು ಯಾರದೋ ಕೋಟಿನ ತೋಳು ಕೂರಿಸುವ ಗಡಿಬಿಡಿಯಲ್ಲಿ ಟೀ ಮರೆತಳು. ಒಂದು ನಲವತ್ತಾಯಿತು, ನಲವತ್ತೈದಾಯಿತು. ಒಳ್ಳೆಯದಾಯಿತಲ್ಲ ಎಂದು ಬೇರೆಯವರಾದರೆ ಸುಮ್ಮನಿರುತ್ತಿದ್ದರು. ದೊಡ್ಡವಳು ಎದ್ದುಹೋಗಿ, “ಏನೇ, ಇವತ್ತು ಅತ್ತೆಗೆ ಟೀ ಇಲ್ವಾ?” ಎಂದು ನೆನಪಿಸಿದಳು. “ಅಯ್ಯೋ ಅಕ್ಕಾ, ಮರ್ತೇಬಿಟ್ಟಿದ್ದೆ! ನೀವಿಲ್ದಿದ್ರೆ ಅಷ್ಟೇ!” ಎಂದು ಚಿಕ್ಕವಳು ನಾಲಿಗೆ ಕಚ್ಚಿಕೊಂಡು ಓಡಿದಳು. ಆ ಹೊತ್ತು ತಾನೆಂಥ ಕೆಲಸ ಮಾಡಿದೆ ಎಂದು ದೊಡ್ಡವಳಿಗೆ ಒಳಗೆ ಚುರುಕ್ಕೆಂದಿತು. ಆದರೂ ಬರೆದಳು: ಟೀ ಒಂದು ಐವತ್ತು.

ಐದನೇ ವಾರ ಅತ್ತೆ ಗೋಡೆ ಹಿಡಿದು ಬಾಗಿಲತನಕ ನಡೆದು ಮೊದಲ ಮೆಟ್ಟಿಲಿನ ಮೇಲೆ ನಿಂತಿದ್ದರು. ಬೀಳಬಹುದೆಂದು ದೊಡ್ಡವಳು ಓಡಿಹೋಗಿ ತೋಳು ಹಿಡಿದುಕೊಂಡಳು. ಮನೆಯಲ್ಲಿ ಇಬ್ಬರೇ ಇದ್ದರು. ಚಿಕ್ಕವಳು ದಾರ ತರಲು ಹೋಗಿದ್ದಳು.

“ಆ ಮೂಲೆ ಅಂಗಡಿ ಬಣ್ಣ ಬದಲಾಯಿಸಿದ್ದಾರಂತೆ. ಹಸಿರೋ ನೀಲಿಯೋ ನಂಗೆ ಗೊತ್ತಿಲ್ಲ” ಎಂದರು ಅತ್ತೆ. ಆಮೇಲೆ ಅವಳ ಕಡೆ ತಿರುಗಿ, “ನೋಡಮ್ಮಾ, ನಿನ್ನ ಕಾಳು ನಂಗೆ ಸೇರೋದೇ ಇಲ್ಲ. ಆದ್ರೂ ತಿಂತೀನಿ. ನೀನು ತಿಳಿದವಳು, ಸುಮ್ಸುಮ್ನೆ ಕೊಡೋಳಲ್ಲ. ನಿನ್ನ ಕೈಗೆ ಬಿಟ್ಟ ಮೇಲೆ ನಂಗೆ ಯೋಚ್ನೆ ಇಲ್ಲ” ಎಂದರು.

ದೊಡ್ಡವಳ ಕಣ್ಣು ಮಂಜಾಯಿತು. ಹದಿನಾಲ್ಕು ವರ್ಷದಿಂದ ಕಾಯುತ್ತಿದ್ದ ಮಾತು ಅದು. ಆಗಲೇ ಹೇಳಿಬಿಡೋಣ ಎಂದು ತುಟಿ ತೆರೆದಳು. ಇನ್ನೂ ಮೂರು ವಾರವಿತ್ತು, ಅಷ್ಟು ದಿನದಲ್ಲಿ ಏನಾದರೂ ಏರಬಹುದಿತ್ತು. ಅಷ್ಟರಲ್ಲಿ ಕೆಳಗಿನಿಂದ, “ಅಮ್ಮಾ! ಹೊರಗೆ ಬಂದಿದ್ದೀರಾ! ಭಲೇ!” ಎಂಬ ಕೂಗು ಕೇಳಿತು. ಅತ್ತೆಯ ಮುಖ ಊರಗಲವಾಯಿತು. ದೊಡ್ಡವಳ ಕೈಯಿಂದ ತೋಳು ಬಿಡಿಸಿಕೊಂಡು, ಹತ್ತಿ ಬರುತ್ತಿದ್ದ ಚಿಕ್ಕವಳ ಕಡೆ ಎರಡೂ ಕೈ ಚಾಚಿದರು. “ಬಾ ಪುಟ್ಟೀ, ನನ್ನ ಹಿಡ್ಕೋ.”

ಹಾಗಾದರೆ ಈ ತನಕ ಹಿಡಿದುಕೊಂಡಿದ್ದು ಯಾರು? ಬಾಗಿಲಿನ ಕಂಬವೇ? ದೊಡ್ಡವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವತ್ತಿನ ಟೀ ಒಂದು ನಲವತ್ತೆರಡಕ್ಕೆ.

ಎಂಟು ವಾರ ಮುಗಿದ ಮರುದಿನ ರಕ್ತ ಕೊಟ್ಟು ಬಂದರು. ಶನಿವಾರ ಸಂಜೆ ಮೈದುನ ರಿಪೋರ್ಟು ಹಿಡಿದು ಮೆಟ್ಟಿಲು ಹತ್ತಿ ಬಂದ. ಅವನ ಮುಖ ನೋಡಿದರೇ ಓದುವ ಅಗತ್ಯವಿರಲಿಲ್ಲ. ಹತ್ತು ಪಾಯಿಂಟ್ ಒಂದು. ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ. ಆಪರೇಷನ್ ದಿನವನ್ನು ಆಸ್ಪತ್ರೆಯವರು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು. ಮುಂದಿನದು ಐದು ತಿಂಗಳ ಮೇಲೆ, ಅದೂ ರಕ್ತ ಏರಿದರೆ.

ಅತ್ತೆ ಮಂಡಿಗಳ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತ ಕೂತರು. ಚಿಕ್ಕವಳು ಮೂಗೊರೆಸಿಕೊಳ್ಳುತ್ತ ಅವರ ಕಾಲಬುಡದಲ್ಲಿ ಕೂತಳು. ಮೈದುನ ರಿಪೋರ್ಟನ್ನು ಮೇಜಿನ ಮೇಲೆ ಎಸೆದ.

“ಅತ್ತಿಗೆ, ನಿಮ್ಮ ಕಾಳು ಚೆನ್ನಾಗೇ ಕೈ ಕೊಡ್ತಲ್ಲ. ಎರಡು ತಿಂಗಳು ಅಮ್ಮಂಗೆ ಬೇಡದ್ದನ್ನ ತುರುಕಿದ್ದೇ ಬಂತು.”

“ಅವಳೇನು ಬೇಕೂಂತ ಮಾಡಿದ್ಳಾ? ಕಷ್ಟಪಟ್ಟಿದ್ದಾಳೆ ಪಾಪ” ಎಂದ ದೊಡ್ಡವಳ ಗಂಡ. ಗಂಡ ಹೀಗೆ ಅಯ್ಯೋ ಪಾಪ ಎಂದದ್ದು ಮೈದುನನ ಚುಚ್ಚು ಮಾತಿಗಿಂತ ಹೆಚ್ಚು ಉರಿಸಿತು ಅವಳನ್ನು. ಅವಳ ಕಾಳಿಗೆ ಪಾಪ ಅನ್ನಿಸಿಕೊಳ್ಳುವ ಗತಿ ಬಂದಿರಲಿಲ್ಲ.

“ನನ್ನ ಕಾಳಲ್ಲಿ ಏನೂ ತಪ್ಪಿಲ್ಲ” ಎಂದು ಎದ್ದಳು. ಬ್ಯಾಗಿನಿಂದ ನೋಟ್‌ಬುಕ್ ತಂದು ಮೇಜಿನ ಮೇಲೆ ಬಿಚ್ಚಿಟ್ಟಳು. ಈ ಗಳಿಗೆಯನ್ನು ಎಷ್ಟು ಸಲ ಮನಸ್ಸಿನಲ್ಲೇ ಆಡಿ ನೋಡಿದ್ದಳೋ, ಮಾತು ತಡವರಿಸಲೇ ಇಲ್ಲ. ಕಾಳಿನಲ್ಲಿ ಎಷ್ಟು ಕಬ್ಬಿಣವಿತ್ತು, ಮೊಳಕೆಯಿಂದ ಫೈಟಿಕ್ ಆಮ್ಲ ಎಷ್ಟು ಇಳಿಯಿತು, ನಿಂಬೆ ಏನು ಸಹಾಯ ಮಾಡುತ್ತದೆ, ಎಲ್ಲವನ್ನೂ ಹೇಳಿದಳು. ಆಮೇಲೆ ಬೆರಳನ್ನು ಪುಟದ ಬಲಗಡೆಯ ಸಾಲಿನ ಮೇಲಿಂದ ಕೆಳಕ್ಕೆ ಎಳೆದಳು.

“ಇದು ಟೀ. ಐವತ್ತಾರು ದಿನ, ಐವತ್ತಾರು ಲೋಟ. ಊಟ ಆಗಿ ಎರಡು ನಿಮಿಷಕ್ಕೆ ಒಂದು ಲೋಟ ಕಡಕ್ ಟೀ ಬಿದ್ರೆ ಕಾಳಿನ ಕಬ್ಬಿಣ ಎಲ್ಲಿಂದ ಸಿಗತ್ತೆ? ಟೀ ಅದನ್ನ ಹಿಡ್ಕೊಂಡು ಹೋಗಿಬಿಡತ್ತೆ. ಲ್ಯಾಬಲ್ಲೇ ನೋಡಿದ್ದೀನಿ, ಶಾಯಿ ಥರ ಕಪ್ಪಾಯ್ತು. ನಾನು ಹಾಕಿದ್ದನ್ನೆಲ್ಲ ಇವಳು ತೆಗೆದಳು.”

ಚಿಕ್ಕವಳ ಮುಖ ಬಿಳಿಚಿಕೊಂಡಿತು. “ನಂಗೊತ್ತಿರ್ಲಿಲ್ಲ ಅಕ್ಕಾ, ನಿಮ್ಮಾಣೆ. ಬಾಯಿಗೆ ಹಿತ ಆಗ್ಲಿ ಅಂತ... ಅಮ್ಮಾ, ನನ್ನಿಂದ್ಲೇ ಹೀಗಾಯ್ತಾ?” ಎಂದು ಬಿಕ್ಕಿದಳು.

ಆ ಬಿಕ್ಕಳಿಕೆ ದೊಡ್ಡವಳಿಗೆ ಹಿತವಾಯಿತು. ಸುಳ್ಳು ಹೇಳಿ ಏನು ಪ್ರಯೋಜನ, ಬಹಳ ಹಿತವಾಯಿತು. ಮೈದುನ ತಲೆ ತಗ್ಗಿಸಿದ. ಗಂಡ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿ ಆ ಕೋಣೆಯ ಕಣ್ಣುಗಳೆಲ್ಲ ಅವಳ ಮೇಲಿದ್ದವು.

ಅತ್ತೆ ಕನ್ನಡಕ ಹಾಕಿಕೊಂಡು, “ಅದನ್ನ ಇಲ್ಲಿ ಕೊಡಮ್ಮಾ” ಎಂದರು.

ಕೊಟ್ಟಳು. ಅಂಕಿಗಳನ್ನು ನೋಡಲಿ, ತನ್ನ ಶ್ರಮವನ್ನು ನೋಡಲಿ ಎಂದೇ ಕೊಟ್ಟಳು. ಅತ್ತೆ ಕೊನೆಯ ಪುಟದಿಂದ ಒಂದೊಂದೇ ಹಾಳೆ ಹಿಂದಕ್ಕೆ ಮಗುಚುತ್ತ ಹೋದರು. ಒಂದು ಪುಟದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತರು. ಮತ್ತೆ ಮಗುಚಿದರು. ಮೊದಲ ಪುಟಕ್ಕೆ ಬಂದು, ಬೆರಳಿಟ್ಟು, ಶಾಲೆಯ ಮಕ್ಕಳಂತೆ ಗಟ್ಟಿಯಾಗಿ ಓದಿದರು.

“ಟೀ ಒಂದು ಲೋಟ, ಒಂದು ನಲವತ್ತು. ಷರಾ. ಹೀಗಾದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ.”

ತಲೆಯೆತ್ತಿ ಕೇಳಿದರು. “ಇದು ಮೊದಲನೇ ದಿನದ್ದು ಅಲ್ವಾ?”

ದೊಡ್ಡವಳಿಗೆ ಆಗ ಅರ್ಥವಾಯಿತು. ಅಲ್ಲಿಯವರೆಗೂ, ನಂಬಿದರೆ ನಂಬಿ, ಆ ನೋಟ್‌ಬುಕ್ಕು ಚಿಕ್ಕವಳ ವಿಷಯ ಮಾತ್ರ ಹೇಳುತ್ತದೆ ಎಂದೇ ಅವಳು ತಿಳಿದಿದ್ದಳು. ತಾರೀಕು ಹಾಕಿದ ಕೈ ತನ್ನದು ಎಂಬುದು ಎಂಟು ವಾರದಲ್ಲಿ ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ.

“ಹೌದು ಅತ್ತೆ.”

“ಲ್ಯಾಬಿನೋರು ಒಂದೂವರೆ ಗಂಟೆ ಬಿಟ್ಟು ಕುಡೀಲಿ ಅಂದ್ರು ಅಂತ ಎರಡನೇ ವಾರದಲ್ಲಿ ಬರ್ದಿದ್ದೀಯಲ್ಲ, ಅದೂ ನಿಜಾನಾ?”

“ಹೌದು.”

ಚಿಕ್ಕವಳ ಅಳು ನಿಂತಿತ್ತು. “ಆವತ್ತೊಂದಿನ ನಾನು ಮರ್ತಾಗ ನೀವೇ ಬಂದು ನೆನಪು ಮಾಡಿದ್ರಲ್ಲ ಅಕ್ಕಾ?” ಎಂದಳು. ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. ಗಂಡ ಎದ್ದು ಬಾಲ್ಕನಿಗೆ ಹೋದ. ಅತ್ತೆ ಏನಾದರೂ ಕೂಗಾಡಲಿ, ನಾಲ್ಕು ಮಾತು ಬೈಯಲಿ ಎಂದು ದೊಡ್ಡವಳು ಕಾದಳು. ಅವರು ನೋಟ್‌ಬುಕ್ ಮುಚ್ಚಿ, ಯಾರದೋ ಮನೆಯ ವಸ್ತುವನ್ನು ಹಿಂತಿರುಗಿಸುವಷ್ಟು ಮರ್ಯಾದೆಯಿಂದ ಅವಳ ಕೈಗೆ ಕೊಟ್ಟರು.

“ನಾಳೆಯಿಂದ ಕಾಳು ಪುಟ್ಟಿ ಮಾಡ್ಲಿ. ನೀನು ಅವಳಿಗೆ ಹೇಳಿಕೊಟ್ಬಿಡು. ಏನನ್ನೂ ಬಿಡದೆ ಹೇಳಿಕೊಡು.”

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ದೊಡ್ಡವಳು ಹೇಳಿಕೊಟ್ಟಳು. ಯಾವ ಕಾಳು, ಎಷ್ಟು ಗಂಟೆ, ನೆನೆದ ನೀರನ್ನು ಏಕೆ ಚೆಲ್ಲಬೇಕು, ಮೊಳಕೆ ಎಷ್ಟುದ್ದ ಬಂದಾಗ ನಿಲ್ಲಿಸಬೇಕು, ನಿಂಬೆ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ. ಟೀ ಮೂರೂಕಾಲಿಗೆ ಮುಂಚೆ ಬೇಡ. ಚಿಕ್ಕವಳು ಅಳತೆ ಬರೆದುಕೊಳ್ಳುವ ಚೀಟಿಯಲ್ಲಿ ಎಲ್ಲವನ್ನೂ ಗುರುತು ಮಾಡಿಕೊಂಡಳು. ಬಟ್ಟಲಿನಲ್ಲಿ ಅಲಸಂದೆಯನ್ನು ಕೈಯಾಡಿಸುತ್ತ, ದೊಡ್ಡವಳ ಮುಖ ನೋಡದೆ ಕೇಳಿದಳು.

“ಇನ್ನೇನಾದ್ರೂ ಇದ್ಯಾ ಅಕ್ಕಾ?”

“ಇಲ್ಲ. ಇಷ್ಟೇ.”

ನಿಜವಾಗಿಯೂ ಅಷ್ಟೇ ಇತ್ತು. ಗೊತ್ತಿದ್ದದ್ದರಲ್ಲಿ ಒಂದು ಚೂರನ್ನೂ ಅವಳು ಮುಚ್ಚಿಟ್ಟುಕೊಂಡಿರಲಿಲ್ಲ. ಚಿಕ್ಕವಳು ಸರಿ ಎಂಬಂತೆ ತಲೆಯಾಡಿಸಿ, ಕೈಯೊರೆಸಿಕೊಂಡು ಮುಂದಿನ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳು ಡಾಕ್ಟರಿಗೆ ಫೋನ್ ಮಾಡಿ, ಚೀಟಿಯಲ್ಲಿದ್ದದ್ದನ್ನು ಒಂದೊಂದಾಗಿ ಓದಿ, ಇದು ಸರಿಯೇ, ಇದು ಸರಿಯೇ ಎಂದು ಕೇಳುವುದು ಅಡುಗೆಮನೆಗೆ ಕೇಳಿಸಿತು.